ಕಡೇ ಬೋರು

ಇಂಡಿ ಪಂಪಿನ ಹತ್ರ ನಮ್ಮ ಶೆಡ್ಡು.
ಗುತ್ತಲದ ಆಚಿಂದ ಬಾಡಿಗಿ ಟೆಂಪೋದಾಗ
ದುರಗವ್ವ ಅಂಬಿಗೇರ ಇಂಜಿನ್ ತಂದ್ಲು,
ಗೋಣಿಚೀಲ ಹೊಚ್ಚಿ, ಜ್ವರ ಬಂದ ಎಮ್ಮಿಕರಾ ತಂದಂಗ.

ದೋಣಿ ಇಂಜಿನ್ನು. ಆರು ಕುದುರಿ, ಒಂದು ಸಿಲಿಂಡರು,
ಎರಡೂ ಬದಿ ಬೀಸೂಕಲ್ಲಿನಂಥ ಗಾಲಿ.
ಸಂದ್ಯಾಗ ಸಿಕ್ಕ ಹೊಳಿಹುಲ್ಲು ಇನ್ನೂ ಹಸರಿತ್ತು.

"ನೀಲಿ ಹೊಗಿ ಬಿಡ್ತೈತಿ,
ಡೀಜಲ್‌ಕಿಂತ ಆಯಿಲ್ಲೇ ಹೆಚ್ಚು ಕುಡಿತೈತಿ.
ಮೊನ್ನೆ ನಡುಹೊಳ್ಯಾಗ ನಿಂತು,
ಸಾಲಿ ಹುಡುಗ್ರು ಪಾಟಿಯಿಂದ, ಮಾಸ್ತರು ಚಪ್ಪಲಿಯಿಂದ
ಹುಟ್ಟು ಹಾಕಿದ್ರು.
ಹೊಸದು ತರಲ್ಯೋ, ಇದನ್ನ ಮಾಡಿಸಲ್ಯೋ?
ಖರೇ ಹೇಳು."

ಖರೇ ಹೇಳು ಅಂತ ಎಲ್ಲಾರೂ ಅಂತಾರ.
ಬಿಚ್ಚಿ ನೋಡೂಣ ಅಂತ ನಾನೂ ಎಲ್ಲಾರಿಗೂ ಅಂತೀನಿ.

ಹೆಡ್ ಎತ್ತಿದೆ, ಪಿಸ್ಟನ್ ಜಗ್ಗಿದೆ,
ಬೋರ್ ಗೇಜ್ ಇಳಿಸಿದೆ.
ಹಿಂಗ ಹಿಡದರ ಮುಳ್ಳು ಮೂರು ಮನಿ,
ಹಂಗ ತಿರುವಿದರ ಹದಿನಾಲ್ಕು.
ಈ ಬ್ಲಾಕಿಗೆ ಮೂರು ಸಲ ಬೋರ್ ಆಗೇತಿ:
ಹತ್ತು ಥೌ, ಇಪ್ಪತ್ತು, ಮೂವತ್ತು.
ಉಳಿದದ್ದು ನಲವತ್ತೊಂದ. ಅದರಾಚೆ
ಪಿಸ್ಟನ್ ಯಾರೂ ಮಾಡೂದಿಲ್ಲ,
ಗ್ವಾಡಿನೂ ಹಪ್ಪಳ.

ಮಾಡಿಸಿದರ ಹದಿನೆಂಟು ಸಾವಿರ, ಕ್ರ್ಯಾಂಕ್ ಹಿಡದು.
ಹೊಸದಕ್ಕ ಐವತ್ತೆರಡು.
ಹೊಸದು ಕೊಡಿಸಿದರ ಅಂಗಡಿಯಾವ
ನನಗ ಎರಡು ಕೊಡ್ತಾನ; ಅದನ್ನ ಹೇಳಲಿಲ್ಲ.

"ಹೊಸದು ಎಷ್ಟು ವರ್ಷ?" "ಇಪ್ಪತ್ತು."
"ಇದು?" "ನಾಕು. ಆಯಿಲ್ ಬದಲಿಸಿದರ ಐದು."
ಬೆರಳು ಮಡಚಿದ್ಲು. ಅವರ ಹೊಳಿಗೆ ಸೇತುವಿ ಕಟ್ಟಾಕತ್ತಾರ,
ಆರು ಕಂಬ ಎದ್ದಾವ,
ಏಳನೇದು ಮೂರು ವರ್ಷದಿಂದ
ಸರಳು ಬಿಟಗೊಂಡು ನಿಂತೈತಿ, ತುದಿಗೆ ಕಾಗಿಗೂಡು.
"ಸೇತುವಿ ಆಗೂದರಾಗ ಸತ್ತರೂ ಕಷ್ಟ,
ಆದಮ್ಯಾಲ ಬದುಕಿದ್ರೂ ಕಷ್ಟ" ಅಂದ್ಲು.
ಇಂಜಿನ್ ಬಗ್ಗೆನ ಅಂದದ್ದು.

ಬಗಲ ಮುಚ್ಚಳ ತಗದು ಬ್ಯಾಟರಿ ಬಿಟ್ಟೆ.
ನಮ್ಮ ಉಸ್ತಾದ ಹಜರತ್‌ಸಾಬ ಲೋಹಾರ
ಮಾಡಿದ ಕೆಲಸಕ್ಕ ಒಳಗ ಪಂಚ್ ಹೊಡಸ್ತಿದ್ದ:
ತಾರೀಖು, ಮಾಡಿದವನ ಅಕ್ಷರ.
ಎರಡು ಸಾಲು ಅವನವು.
ಮೂರನೇದು ಸೊಟ್ಟ.
ನನ್ನದು.

ಅವತ್ತು ಕರೆಂಟ್ ಹೋಗೂದರಾಗ ಮುಗಸಬೇಕಂತ
ಮಷೀನಿನ ಹಾಸಿಗಿ ಒರಸದನ
ಬ್ಲಾಕ್ ಇಳಿಸಿ ಬಿಗದಿದ್ದೆ.
ಕೆಳಗ ಎಲ್ಲೋ ಒಂದು ಕಬ್ಬಿಣದ ಸಿಪ್ಪಿ,
ಎಳ್ಳಿನಷ್ಟು.
ಬೋರು ವಾಲಿತು. ಹನ್ನೊಂದು ವರ್ಷ
ಪಿಸ್ಟನ್ ಒಂದೇ ಗ್ವಾಡಿಗೆ ಮೈ ತಿಕ್ಕೇತಿ.
ಉಸ್ತಾದಗ ಗೊತ್ತಾಗಿತ್ತೋ ಏನೋ,
ಮರುದಿನ ಏನೂ ಅನ್ನದ
ನನ್ನ ಕೈಯಾಗೊಂದು ಹೊಸ ಅರಿವಿತುಂಡು ಇಟ್ಟಿದ್ದ.

ಚಹಾ ಬಂತು. ಅರ್ಧ ಕುಡದು ಹೇಳಿಬಿಟ್ಟೆ.
ದುರಗವ್ವ ಸಿಲಿಂಡರಿನ್ಯಾಗ ಕೈಯಿಳಿಸಿ
ಸಂತ್ಯಾಗ ಗಡಗಿ ನೋಡಿದಂಗ ಸವರಿದ್ಲು.
"ಹಾಂ! ಅದಕ್ಕಪಾ,
ದೋಣಿ ಯಾವತ್ತೂ ಎಡಕ್ಕ ಜಗ್ಗತಿತ್ತು!"
ಬೋರಿಗೂ ಅದಕ್ಕೂ ಏನೇನೂ ಸಂಬಂಧಿಲ್ಲ.
ಸುಮ್ಮನಿದ್ದೆ.
"ಇದನ್ನ ಮಾಡು. ಸಾಮಾನಿಂದಷ್ಟ ಕೊಡ್ತೀನಿ, ಮಜೂರಿ ಬಿಡು."
"ಅರ್ಧ ಬಿಡ್ತೀನಿ."
"ಪೂರಾ. ಹನ್ನೊಂದು ವರ್ಷದ ಆಯಿಲ್ ಲೆಕ್ಕ ತಗೀಲೇನು?"

ಹಾವೇರಿ ಬಸ್ಸಿಗೆ ಹೋದ್ಲು, ಗೋಣಿಚೀಲ ಮಡಚಿಕೊಂಡು.

ಚೈನಿಗೆ ಏರಿಸಿದ ಬ್ಲಾಕು ಗಾಳ್ಯಾಗ ತಿರಗತಿತ್ತು.
ಹಾಸಿಗಿ ಒರಸಿದೆ ಅರಿವಿಲೆ.
ಆಮ್ಯಾಲ ಬರೇ ಅಂಗೈಲೆ.
ಕಣ್ಣು ಮುಚ್ಚಿ ಇನ್ನೊಮ್ಮೆ.
ಚೈನ್ ಹಿಡದ ಹುಡುಗ ಕೇಳಿದ,
"ಇಳಸ್ಲೇನ್ರಿ ಅಣ್ಣಾ?"
"ತಡಿ" ಅಂದೆ.